ಕಸದ ಗಾಡಿಯ ಹಾಡು ಮತ್ತು ಧ್ರುವನ ಪೀಠ

ಗೋಪೀನಾಥ ಸುಳ್ಳು ಹೇಳುವ ಮನುಷ್ಯನಲ್ಲ. ರಾಜಾಜಿನಗರದ ಒಂದು ಸಹಕಾರಿ ಬ್ಯಾಂಕಿನಲ್ಲಿ ಚಿನ್ನದ ಸಾಲದ ಕೌಂಟರಿನಲ್ಲಿ ಕೂರುವವನಿಗೆ ಸುಳ್ಳು ಹೇಳುವ ಅವಕಾಶವೂ ಕಡಿಮೆ. ತಕ್ಕಡಿ ಎದುರಿಗೇ ಇರುತ್ತದೆ. ಆದರೂ ಮೇ ತಿಂಗಳ ಒಂದು ಸಂಜೆ, ಬಸವೇಶ್ವರನಗರದ ತನ್ನ ಮನೆಯ ಗೇಟಿನ ಮುಂದೆ ನಿಂತು, ಯಾರ ಒತ್ತಾಯವೂ ಇಲ್ಲದೆ ಅವನು ಒಂದು ಸುಳ್ಳು ಹೇಳಿದ. ಮುಂದೆ ನಡೆದದ್ದಕ್ಕೆಲ್ಲ ಅದೇ ಮೂಲ ಎಂಬುದರಲ್ಲಿ ಅವನ ಹೆಂಡತಿ ತುಂಗಾಳಿಗೆ ಇಂದಿಗೂ ಅನುಮಾನವಿಲ್ಲ.

ಸುಳ್ಳು ಕೇಳಿಸಿಕೊಂಡವರು ಬಿಂದುಶ್ರೀ ಮೇಡಂ. ಅದೇ ರಸ್ತೆಯ ಕೊನೆಯ ಮನೆಯ ನೆಲಮಹಡಿಯಲ್ಲಿ ಪ್ಲೇ ಸ್ಕೂಲ್ ನಡೆಸುವವರು. ತರಕಾರಿ ಚೀಲ ಹಿಡಿದು ಮನೆಗೆ ಹೋಗುತ್ತಿದ್ದವರು ಗೋಪೀನಾಥನನ್ನು ಕಂಡು ನಿಂತರು.

“ಧ್ರುವನಿಗೆ ಸೀಟು ಇಟ್ಟಿದೀನಿ ಗೋಪೀನಾಥ್. ನಮ್ಮಲ್ಲಿ ಒಂದೇ ಕಂಡೀಷನ್. ಮಗು ಡೈಪರ್ ಬಿಟ್ಟಿರಬೇಕು. ಬಂದ್ರೆ ಬಾಯ್ಬಿಟ್ಟು ಹೇಳ್ಬೇಕು. ನಮ್ಮ ಆಯಾ ಒಬ್ಬಳೇ, ಎಷ್ಟು ಮಕ್ಕಳನ್ನ ಅಂತ ನೋಡ್ತಾಳೆ?”

ಇಷ್ಟಕ್ಕೇ ಮಾತು ಮುಗಿದಿದ್ದರೆ ಗೋಪೀನಾಥ ನಿಜವನ್ನೇ ಹೇಳುತ್ತಿದ್ದನೋ ಏನೋ. ಆದರೆ ಪಕ್ಕದ ಕಾಂಪೌಂಡಿನೊಳಗೆ ದಾಸವಾಳದ ಗಿಡಕ್ಕೆ ನೀರು ಹಾಕುತ್ತಿದ್ದ ಮೋಹನ್ ಕುಮಾರ್ ಪೈಪು ಹಿಡಿದುಕೊಂಡೇ ಗೋಡೆಯ ಹತ್ತಿರ ಬಂದರು. ನಿವೃತ್ತರಾದ ಮೇಲೆ ಆ ರಸ್ತೆಯ ಯಾವ ಸಂಭಾಷಣೆಯನ್ನೂ ಅವರು ಅರ್ಧಕ್ಕೆ ಬಿಟ್ಟವರಲ್ಲ.

“ನಮ್ಮ ಮೊಮ್ಮಗಳು ಸ್ಪಂದನ ಒಂದೂವರೆ ವರ್ಷಕ್ಕೇ ಬಿಟ್ಬಿಟ್ಲು ಮೇಡಂ. ಯಾರೂ ಹೇಳ್ಕೊಡ್ಲಿಲ್ಲ. ಅದೆಲ್ಲ ಮನೆ ಸಂಸ್ಕಾರ.”

ಸಂಸ್ಕಾರ ಎಂಬ ಮಾತು ಗೋಪೀನಾಥನನ್ನು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು.

“ನಮ್ಮೋನೂ ಬಿಟ್ಟು ಆರು ತಿಂಗಳಾಯ್ತು ಮೇಡಂ,” ಎಂದ.

ಆಗ ಧ್ರುವ ಅಪ್ಪನ ಕಂಕುಳಲ್ಲೇ ಇದ್ದ. ಧ್ರುವನ ಚಡ್ಡಿಯೊಳಗೆ ಡೈಪರ್ ಇತ್ತು. ಡೈಪರ್ ತುಂಬಿತ್ತು.

ಮನೆಯೊಳಗೆ ಬಂದ ಮೇಲೆ ತುಂಗಾ ಬಾಗಿಲು ಹಾಕಿದಳು. ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಲೆಕ್ಕ ತಪ್ಪಿದವರನ್ನು ನೋಡುವ ನೋಟವೇ ಅವಳಿಗೆ ಬೇರೆ ಇದೆ.

“ನನ್ನ ರಜೆ ಮುಗೀತು ರೀ. ಜೂನ್‌ಗೆ ಬರ್ದೇ ಇದ್ರೆ ಬೇರೆಯವರನ್ನ ತಗೋತೀವಿ ಅಂತ ಹೆಡ್‌ಮಿಸ್ ನೇರವಾಗಿ ಹೇಳಿದಾರೆ. ಇವನಿಗೆ ಆ ಸೀಟು ಸಿಗ್ಲಿಲ್ಲ ಅಂದ್ರೆ ನನ್ನ ಕೆಲಸ ಹೋಯ್ತು ಅಂತಲೇ ಅರ್ಥ. ಅಮ್ಮನ್ನ ಕರೆಸ್ತೀನಿ.”

“ಅತ್ತೆ ಬೇಡ. ನಾನೇ ಕಲಿಸ್ತೀನಿ. ಇದ್ರಲ್ಲೇನಿದೆ ಕಣೇ? ಒಂದು ಸಿಸ್ಟಮ್ ಬೇಕು, ಅಷ್ಟೇ.”

“ಸುಳ್ಳು ಹೇಳಿದ್ದು ನೀವು. ನಿಜ ಮಾಡೋ ಜವಾಬ್ದಾರಿನೂ ನಿಮ್ಮದೇ,” ಎಂದು ತುಂಗಾ ತೀರ್ಪು ಕೊಟ್ಟಳು.

ಗೋಪೀನಾಥ ತಿಂಗಳ ಕೊನೆಯವರೆಗೆ ರಜೆ ಹಾಕಿದ. ಕಾರಣ ಎಂಬಲ್ಲಿ ‘ಮನೆಯಲ್ಲಿ ತರಬೇತಿ’ ಎಂದು ಬರೆದ. ಮ್ಯಾನೇಜರು ಯಾರ ತರಬೇತಿ ಎಂದು ಕೇಳಲಿಲ್ಲ.

ಮೊದಲು, ಮಕ್ಕಳನ್ನು ಕಕ್ಕಕ್ಕೆ ಕೂರಿಸುವ, ಆನೆಯ ಆಕಾರದ ಒಂದು ಕೆಂಪು ಪಾಟಿ ಮನೆಗೆ ಬಂತು. ಎರಡು ಕಿವಿಗಳೇ ಹಿಡಿಕೆ, ಸೊಂಡಿಲು ಮುಂದಕ್ಕೆ. ಪುರಾಣದ ಧ್ರುವ ಅಪ್ಪನ ತೊಡೆಯ ಮೇಲೆ ಜಾಗ ಸಿಗಲಿಲ್ಲವೆಂದು ಕಾಡಿಗೆ ಹೋಗಿ, ತಪಸ್ಸು ಮಾಡಿ, ಯಾರೂ ಕದಲಿಸಲಾಗದ ಸ್ಥಾನ ಸಂಪಾದಿಸಿದ. ಬಸವೇಶ್ವರನಗರದ ಧ್ರುವನಿಗೆ ಸ್ಥಾನ ಮನೆಗೇ ಬಂದಿತ್ತು, ಅದೂ ಆನೆಯ ಮೇಲೆ. ಅವನು ಕೂರಲೊಪ್ಪಲಿಲ್ಲ. ಪಾಟಿಯನ್ನು ತಲೆಗೆ ಹಾಕಿಕೊಂಡ, ನಡುಮನೆಯ ತುಂಬ ಕಾರಿನಂತೆ ತಳ್ಳಿಕೊಂಡು ಓಡಾಡಿದ, ಅದರೊಳಗೆ ಅಡುಗೆಮನೆಯ ಈರುಳ್ಳಿಗಳನ್ನೆಲ್ಲ ತುಂಬಿಟ್ಟ. ಯಾವುದಕ್ಕಾಗಿ ತಂದದ್ದೋ ಅದನ್ನು ಮಾತ್ರ ಸೋಫಾದ ಹಿಂದೆ ನಿಂತು ಮುಗಿಸಿದ.

ಗೋಪೀನಾಥ ಎದೆಗುಂದಲಿಲ್ಲ. ಪಾಟಿಯ ಎದುರಿಗೆ ಮಣೆ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತು, ಮುಖ ಕೆಂಪಾಗುವಂತೆ ತಿಣುಕಿ ತೋರಿಸಿದ. ಧ್ರುವ ಚಪ್ಪಾಳೆ ತಟ್ಟಿ, “ಅಪ್ಪಾ, ಇನ್ನೊಂದ್ ಸಲ,” ಎಂದ. ಅಡುಗೆಮನೆಯಿಂದ ಇಣುಕಿದ ತುಂಗಾ, “ಜೋಪಾನ ರೀ, ಆ ಮಣೆ ಪೂಜೆಗೆ ಬೇಕು,” ಎಂದು ಒಳಗೆ ಹೋದಳು.

ಹೀಗಿರುವಾಗ ಒಂದು ಬೆಳಿಗ್ಗೆ, ನಡುಮನೆಯ ಕಿಟಕಿಯ ಪಕ್ಕದಲ್ಲಿ ಗೋಪೀನಾಥ ಮಗನನ್ನು ಪಾಟಿಯ ಮೇಲೆ ಕೂರಿಸಿ ಹೆಗಲು ಹಿಡಿದುಕೊಂಡಿದ್ದಾಗ, ರಸ್ತೆಯ ತುದಿಯಲ್ಲಿ ಕಸದ ಗಾಡಿ ಬಂತು. ಎಲ್ಲ ಕಸದ ಗಾಡಿಗಳಂತೆ ಅದೂ ಹಾಡುತ್ತ ಬಂತು:

‘ಎದ್ದೇಳಿ ಅಕ್ಕ, ಎದ್ದೇಳಿ ಅಣ್ಣ, ಬಾಗಿಲಿಗೆ ಬಂತು ಗಾಡಿ,
ಹಸಿಯದೇ ಬೇರೆ, ಒಣಗಿದ್ದೇ ಬೇರೆ, ಬುಟ್ಟಿಯ ಬೇರೆ ಮಾಡಿ…’

ಧ್ರುವ ಒದ್ದಾಡುವುದನ್ನು ನಿಲ್ಲಿಸಿದ. ಕಿಟಕಿಯಾಚೆ ಹಳದಿ ಗಾಡಿ ಕಾಣಿಸಿತು. ಕಣ್ಣರಳಿಸಿ, ಆನೆಯ ಎರಡೂ ಕಿವಿ ಹಿಡಿದು, ಗಾಡಿ ಮನೆ ದಾಟುವವರೆಗೆ ಅಲ್ಲಾಡದೆ ಕೂತ. ಗಾಡಿ ದಾಟಿತು. ಗೋಪೀನಾಥ ಬಗ್ಗಿ ನೋಡಿದ. ಕೆಲಸ ಆಗಿತ್ತು.

“ತುಂಗಾ! ಬಾ ಇಲ್ಲಿ! ನೋಡು!”

“ಏನು ನೋಡೋದು ಅದನ್ನ!” ಎಂದರೂ ತುಂಗಾ ಓಡಿ ಬಂದಳು, ನೋಡಿದಳು, ನಕ್ಕಳು.

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ಗಾಡಿ ಹಾಡಿದರೆ ಧ್ರುವ ತಾನಾಗಿಯೇ ಪಾಟಿಗೆ ಓಡಿ ಬರತೊಡಗಿದ. ಹಾಡಿಲ್ಲದ ಹೊತ್ತಿನಲ್ಲಿ ಪಾಟಿ ಎಂದಿನಂತೆ ಈರುಳ್ಳಿಯ ಬುಟ್ಟಿ. ಆದರೇನು, ಬುನಾದಿ ಬಿದ್ದಿತ್ತು. ಗೋಪೀನಾಥ ಸಂಜೆ ವಾಕಿಂಗ್ ಹೋಗುವಾಗ ಮೋಹನ್ ಕುಮಾರರ ಮನೆಯ ಮುಂದೆ ಅಗತ್ಯಕ್ಕಿಂತ ನಿಧಾನವಾಗಿ ನಡೆಯತೊಡಗಿದ.

ಮೂರನೇ ವಾರದ ಸೋಮವಾರ ಗಾಡಿ ಬಂತು, ಹಾಡು ಬರಲಿಲ್ಲ.

ಪಾಟಿಯ ಮೇಲಿದ್ದ ಧ್ರುವ ಕಿಟಕಿಯತ್ತ ನೋಡಿದ. ಹಳದಿ ಗಾಡಿ ಬಾಯಿ ಮುಚ್ಚಿಕೊಂಡು ಹೋಗುತ್ತಿತ್ತು. “ಅಪ್ಪಾ, ಹಾಡು?” ಎಂದು ಕೇಳಿ ಎದ್ದು ಹೋದ. ಸ್ವಲ್ಪ ಹೊತ್ತಿಗೆ ಸೋಫಾದ ಹಿಂದಿನಿಂದ ಪರಿಚಿತ ಮೌನವೊಂದು ಕೇಳಿಬಂತು.

ಗೋಪೀನಾಥ ಪಂಚೆ ಎತ್ತಿ ಕಟ್ಟಿ ರಸ್ತೆಗೆ ಓಡಿದ. ಗಾಡಿಯ ಡ್ರೈವರ್ ಮಹದೇವ್ ಮುಂದಿನ ಮನೆಯ ಬುಟ್ಟಿ ಸುರಿಯುತ್ತಿದ್ದ.

“ಮಹದೇವಣ್ಣ, ಹಾಡು ಎಲ್ಲಿ?”

“ಈ ರೋಡಲ್ಲಿ ಹಾಕ್ಬಾರ್ದು ಅಂತ ಆರ್ಡರ್ ಆಗೈತೆ ಸಾರ್. ಯಾರೋ ಕಂಪ್ಲೇಂಟ್ ಕೊಟ್ಟವ್ರೆ.”

“ಯಾರೋ ಅಲ್ಲ, ನಾನೇ!” ಮೋಹನ್ ಕುಮಾರ್ ಗೇಟು ತೆರೆದು ಹೊರಗೆ ಬಂದರು. ಮುಖದಲ್ಲಿ ದೀರ್ಘ ಪ್ರಾಣಾಯಾಮದ ಕಳೆ. “ಉಸಿರು ಒಳಗೆ ತಗೊಂಡ್ರೆ ‘ಎದ್ದೇಳಿ ಅಕ್ಕ’, ಹೊರಗೆ ಬಿಟ್ರೆ ‘ಎದ್ದೇಳಿ ಅಣ್ಣ’. ಎಷ್ಟು ದಿನ ಅಂತ ಸಹಿಸೋದು? ಇವತ್ತು ನೋಡಿ, ಎಷ್ಟು ಪ್ರಶಾಂತವಾಗಿದೆ! ಎಲ್ಲರೂ ಥ್ಯಾಂಕ್ಸ್ ಹೇಳ್ತಿದಾರೆ.”

“ಅದನ್ನ ವಾಪಸ್ ತಗೊಳ್ಳಿ ಸಾರ್,” ಎಂದ ಗೋಪೀನಾಥ.

“ಯಾತಕ್ಕೆ?”

ಕಾರಣ ಗೋಪೀನಾಥನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಎರಡು ಬುಟ್ಟಿ ಹಿಡಿದು ಬಿಂದುಶ್ರೀ ಮೇಡಂ ಬಂದು ನಿಂತರು. ಕಾರಣ ವಾಪಸು ಹೋಯಿತು.

“ಜನಜಾಗೃತಿ ಸಾರ್!” ಎಂದ ಗೋಪೀನಾಥ, ತನಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿ. “ಹಾಡಿಲ್ಲದಿದ್ರೆ ಜನಕ್ಕೆ ಗಾಡಿ ಬಂದಿದ್ದು ಹೇಗೆ ಗೊತ್ತಾಗಬೇಕು? ವಯಸ್ಸಾದವರಿದಾರೆ, ಕಿವಿ ಕೇಳದವರಿದಾರೆ…”

“ಕಿವಿ ಕೇಳದವರಿಗೆ ಹಾಡು ಹೇಗೆ ಕೇಳುತ್ತೆ ರೀ?”

“ಅದಕ್ಕೇ ಸಾರ್ ಜೋರಾಗಿ ಹಾಕ್ಬೇಕು ಅನ್ನೋದು!”

ಬಿಂದುಶ್ರೀ ಮೇಡಂ ಮೆಚ್ಚುಗೆಯಿಂದ ತಲೆಯಾಡಿಸಿದರು. ಹದಿನಾರು ವರ್ಷಗಳಿಂದ ಆ ರಸ್ತೆಯಲ್ಲಿದ್ದ ಗೋಪೀನಾಥ ಸಾರ್ವಜನಿಕ ವಿಷಯವೊಂದರಲ್ಲಿ ಬಾಯಿ ತೆರೆದದ್ದು ಅದೇ ಮೊದಲು. “ನಿಮ್ಮಂಥೋರು ಬೇಕು,” ಎಂದು ಹೇಳಿ ಹೋದರು.

ಪಾಲಿಕೆಯ ಆದೇಶ ಒಂದು ರಸ್ತೆಗೆ ಮಾತ್ರ ಅನ್ವಯ. ನೆರೆಯವರ ಕಣ್ಣಿಗೆ ಬೀಳದಷ್ಟು ದೂರದ ಆರ್‌ಪಿಸಿ ಲೇಔಟಿನಲ್ಲಿ ಗಾಡಿಗಳು ಹಾಡುತ್ತಲೇ ಇದ್ದವು. ಗೋಪೀನಾಥ ಅಲ್ಲಿಗೆ ಹೋಗಿ ಹಾಡನ್ನು ಮೊಬೈಲಿಗೆ ಇಳಿಸಿಕೊಂಡು ಬಂದ. ಮರುದಿನ ಹಾಡು ಹಾಕಿದಾಗ ಧ್ರುವ ಪಾಟಿಗೆ ಓಡಿ ಬಂದು ಕೂತ, ಕಿಟಕಿಯಾಚೆ ನೋಡಿದ, “ಗಾಡಿ ಇಲ್ಲ,” ಎಂದು ಮುಖ ಮುರಿದ. ಮಹದೇವನ ಗಾಡಿ ಬಂದಾಗ ಹಾಕೋಣವೆಂದರೆ, ಅಷ್ಟು ಹೊತ್ತಿಗೆ ಧ್ರುವ ಮೊಬೈಲನ್ನು ಕಿವಿಗೆ ಹಿಡಿದು ನೋಡಿ, “ಸುಳ್ಳು ಹಾಡು,” ಎಂದ. ಈ ಮಾತು ಗೋಪೀನಾಥನ ಮನಸ್ಸಿಗೆ ಸ್ವಲ್ಪ ನಾಟಿತು. ಮನೆಯಲ್ಲಿ ಸುಳ್ಳನ್ನು ಗುರುತಿಸಬಲ್ಲವರು ಇಬ್ಬರಾದರು.

ಸೋಲೊಪ್ಪುವ ಪ್ರಶ್ನೆಯಿರಲಿಲ್ಲ. ಗಾಡಿ ಪಾಟಿಯ ಬಳಿಗೆ ಬಾರದಿದ್ದರೆ ಪಾಟಿಯೇ ಗಾಡಿಯ ಬಳಿಗೆ ಹೋಗಬೇಕು. ಹೀಗೆ ತೀರ್ಮಾನಿಸಿದ ಗೋಪೀನಾಥ ಬೆಳಿಗ್ಗೆ ಎದ್ದು, ಪಾಟಿಯನ್ನು ತೊಳೆದು ಒರೆಸಿ, ಸ್ಕೂಟರಿನ ಕೊಕ್ಕೆಗೆ ನೇತುಹಾಕಿ, ಮಗನನ್ನು ಮುಂದೆ ನಿಲ್ಲಿಸಿಕೊಂಡು ಆರ್‌ಪಿಸಿ ಲೇಔಟಿಗೆ ಹೊರಟ. ಅಲ್ಲಿ ಹಾಡುವ ಗಾಡಿ ಸಿಕ್ಕಿತು. ಗಾಡಿ ಪಾರ್ಕಿನ ಬಳಿ ನಿಂತರೆ ಮರೆಯಲ್ಲೊಂದು ಮೂಲೆ ಹುಡುಕಿ ಧ್ರುವನನ್ನು ಕೂರಿಸುವುದು ಯೋಜನೆ. ಗಾಡಿ ಪಾರ್ಕಿನ ಬಳಿ ಬಿಟ್ಟು ಉಳಿದೆಲ್ಲ ಕಡೆ ನಿಂತಿತು. ಪ್ರತಿ ಗೇಟಿನ ಮುಂದೆ ಅದು ನಿಂತಾಗ ಗೋಪೀನಾಥನೂ ನಿಂತ, ಹೊರಟಾಗ ಹೊರಟ. ಹೀಗೆ ಮೆರವಣಿಗೆ ಮಾರೇನಹಳ್ಳಿಯ ಕಡೆ ತಿರುಗುವಾಗ ಟ್ರಾಫಿಕ್ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು.

“ಏನ್ ಸಾರ್, ಆಗ್ಲಿಂದ ನೋಡ್ತಾ ಇದೀನಿ, ಗಾಡಿ ಹಿಂದೆನೇ ಬರ್ತಿದೀರಾ? ಕಸ ಹಾಕೋದಿದ್ರೆ ಹಾಕ್ಬಿಡಿ.”

“ಕಸ ಇಲ್ಲ ಸಾರ್.”

“ಮತ್ತೆ ಯಾಕೆ ಫಾಲೋ ಮಾಡ್ತಿದೀರಾ?”

“ಹಾಡು ಕೇಳೋಕೆ.”

ಪೊಲೀಸಪ್ಪ ಒಂದು ಹೆಜ್ಜೆ ಮುಂದೆ ಬಂದು ಗೋಪೀನಾಥನ ಬಾಯಿಯ ವಾಸನೆ ನೋಡಿದರು. ಫಿಲ್ಟರ್ ಕಾಫಿಯ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

“ಆಯ್ತು. ಮಗೂಗೆ ಹೆಲ್ಮೆಟ್ ಎಲ್ಲಿ?”

ಅಪ್ಪ ಉತ್ತರ ಹುಡುಕುತ್ತಿರುವಾಗ ಮಗ ಕೊಕ್ಕೆಯಿಂದ ಪಾಟಿ ಬಿಡಿಸಿಕೊಂಡು ತಲೆಗೆ ಹಾಕಿಕೊಂಡ. ಸೊಂಡಿಲು ಮುಂದಕ್ಕೆ ಬಂತು, ಕಿವಿಗಳು ಆಚೀಚೆ. ಪೊಲೀಸಪ್ಪ ಅದನ್ನು ಎಲ್ಲ ಕಡೆಯಿಂದ ಪರಿಶೀಲಿಸಿದರು.

“ಐಎಸ್‌ಐ ಮಾರ್ಕ್ ಇಲ್ವಲ್ಲ ಸಾರ್,” ಎಂದು ಹೇಳಿ, ಮುಖ ಆಚೆ ತಿರುಗಿಸಿ ನಗು ಮುಗಿಸಿಕೊಂಡು, “ಹೋಗಿ, ಮನೆಗ್ ಹೋಗಿ,” ಎಂದರು. ಅಷ್ಟರಲ್ಲಿ ಗಾಡಿ ಮಾಯವಾಗಿತ್ತು.

ಕೆಲಸ ಆಗದಿದ್ದರೂ ಸುದ್ದಿ ಆಗಿತ್ತು. ಆರ್‌ಪಿಸಿ ಲೇಔಟಿನ ಒಂದು ಬಾಲ್ಕನಿಯಿಂದ ಈ ಮೆರವಣಿಗೆಯನ್ನು ತುಂಗಾಳ ದೊಡ್ಡಮ್ಮ ನೋಡಿದ್ದರು. ಅವರು ಕೆಂಗೇರಿ ಉಪನಗರದಲ್ಲಿದ್ದ ಓರಗಿತ್ತಿ ಶೈಲಮ್ಮನಿಗೆ, ಅಂದರೆ ಗೋಪೀನಾಥನ ಅತ್ತೆಗೆ, ಫೋನ್ ಮಾಡಿದರು. ಮಧ್ಯಾಹ್ನವೇ ಅತ್ತೆಯ ಕರೆ ಬಂತು.

“ಅಳಿಯಂದ್ರೇ, ಬ್ಯಾಂಕ್ ಕೆಲಸ ಏನಾಯ್ತು?”

“ರಜೇಲಿದೀನಿ ಅತ್ತೆ.”

“ರಜೇಲಿ ಕಸದ ಗಾಡಿ ಜೊತೆ ಮನೆಮನೆಗೆ ಯಾಕೆ ಹೋಗ್ತಿದೀರಾ? ಮಗೂನೂ ಕರ್ಕೊಂಡು! ಏನೋ ಕೆಂಪು ಬುಟ್ಟಿನೂ ಇತ್ತಂತೆ.” ಅತ್ತೆ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. “ಯಾವ ಕೆಲಸವೂ ಕೀಳಲ್ಲ, ನಾನು ಹಾಗೆ ಅನ್ನೋಳಲ್ಲ. ಆದ್ರೆ ಬ್ಯಾಂಕಿಂದ ತೆಗೆದುಬಿಟ್ರು ಅಂತ ನಮಗೊಂದು ಮಾತು ಹೇಳ್ಬಹುದಿತ್ತು.”

“ತೆಗ್ದಿಲ್ಲ ಅತ್ತೆ!”

“ತುಂಗಾಗೆ ಗೊತ್ತಾ? ಹೋಗ್ಲಿ ಬಿಡಿ, ನಾನೇನೂ ಹೇಳಲ್ಲ. ಶನಿವಾರ ಬರ್ತೀನಿ. ಅಕ್ಕಿ ತರ್ತೀನಿ.”

ಜೂನ್ ತಿಂಗಳು ಗೋಡೆಯ ಕ್ಯಾಲೆಂಡರಿನ ಮುಂದಿನ ಹಾಳೆಯಲ್ಲೇ ಇತ್ತು. ತುಂಗಾ ಸೀರೆಗಳನ್ನು ಇಸ್ತ್ರಿಗೆ ಕೊಟ್ಟು ಬಂದಿದ್ದಳು. ಇಸ್ತ್ರಿಯಾಗಿ ಬಂದ ಸೀರೆಗಳನ್ನು ದಿನಕ್ಕೊಮ್ಮೆ ತೆಗೆದು ಎಣಿಸಿಡುತ್ತಿದ್ದಳು. ಬೈದಿದ್ದರೇ ಗೋಪೀನಾಥನಿಗೆ ಹಗುರವಾಗುತ್ತಿತ್ತು. ಇನ್ನು ಉಳಿದದ್ದು ಒಂದೇ ದಾರಿ. ಅವನು ಇಸ್ತ್ರಿ ಅಂಗಿ ಹಾಕಿ, ಒಂದು ಮನವಿ ಬರೆದುಕೊಂಡು, ವಾರ್ಡ್ ಕಚೇರಿಗೆ ಹೋದ.

ಆರೋಗ್ಯ ನಿರೀಕ್ಷಕ ರಾಮಯ್ಯ ಚಹಾ ಕುಡಿಯುತ್ತಿದ್ದರು. ರಸ್ತೆಯ ಹೆಸರು ಕೇಳಿದ ಕೂಡಲೇ ಕೈ ಬೀಸಿದರು.

“ಗಾಡಿ ಹಾಡು ನಿಲ್ಲಿಸಿ ಅಂತ ತಾನೇ? ನಿಮ್ಮ ರೋಡ್‌ದು ಆಗ್ಲೇ ನಿಲ್ಲಿಸಿದೀವಿ, ಹೋಗಿ.”

“ಹಾಕಿ ಅಂತ ಕೇಳೋಕೆ ಬಂದಿದೀನಿ ಸಾರ್.”

ರಾಮಯ್ಯ ಲೋಟ ಕೆಳಗಿಟ್ಟರು.

“ಏನಂದ್ರಿ?”

“ಆ ಹಾಡು ಬೇಕು ಸಾರ್. ಅದಿಲ್ಲದೆ ನಮ್ಮ ಮನೇಲಿ ಏನೂ ನಡೀತಿಲ್ಲ.”

ರಾಮಯ್ಯ ಎದ್ದು ನಿಂತರು. ಕುರ್ಚಿ ಎಳೆದು ಗೋಪೀನಾಥನನ್ನು ಕೂರಿಸಿದರು. ಇನ್ನೊಂದು ಚಹಾ ತರಿಸಿದರು. ಆಮೇಲೆ ದನಿ ತಗ್ಗಿಸಿ, “ಆ ಹಾಡು ಬರ್ದಿದ್ದು ನಾನೇ,” ಎಂದರು.

ಗೋಪೀನಾಥನಿಗೆ ಇದು ತಿಳಿದಿರಲಿಲ್ಲ. ರಾಮಯ್ಯನವರ ಕಚೇರಿಯಲ್ಲೂ ಯಾರಿಗೂ ತಿಳಿದಿರಲಿಲ್ಲ. ಹಾಡಿದವಳು ಅವರ ತಂಗಿಯ ಮಗಳು. ಆ ಹಾಡಿನ ಬಗ್ಗೆ ಇದುವರೆಗೆ ಕಚೇರಿಗೆ ಬಂದ ಕಾಗದಗಳೆಲ್ಲ ಅದನ್ನು ನಿಲ್ಲಿಸಿ ಎನ್ನುವವೇ. ಕವಿಯೊಬ್ಬ ತನ್ನ ವಿರುದ್ಧದ ದೂರುಗಳನ್ನು ತಾನೇ ವಿಲೇವಾರಿ ಮಾಡಬೇಕಾದ ಸ್ಥಿತಿ ಸಾಹಿತ್ಯದಲ್ಲಿ ಅಪರೂಪ.

“ಯಾವ ಸಾಲು ನಿಮಗೆ ಹಿಡಿಸ್ತು?”

“‘ಎದ್ದೇಳಿ ಅಕ್ಕ’ ಬಂದ ತಕ್ಷಣವೇ ಸಾರ್. ಅಲ್ಲಿಂದಲೇ ಪರಿಣಾಮ ಶುರು.”

“ಎರಡನೇ ಚರಣ ಗಮನಿಸಿದೀರಾ? ಅದರಲ್ಲಿ ಗೊಬ್ಬರದ ವಿಷಯ ಬರುತ್ತೆ.”

“ಅದು ಬರೋ ಹೊತ್ತಿಗೆ ನಮ್ಮನೇಲಿ ಎಲ್ಲಾ ಮುಗಿದಿರುತ್ತೆ ಸಾರ್.”

ರಾಮಯ್ಯನವರ ಕಣ್ಣುಗಳು ಒದ್ದೆಯಾದವು. “ಇಂಥ ನಾಗರಿಕರು ಮನೆಗೊಬ್ಬರಿದ್ರೆ ಸಾಕು ಗೋಪೀನಾಥ್ ಅವ್ರೇ. ಬರೀ ಹಾಡು ಹಾಕೋದಲ್ಲ, ಒಂದು ಕಾರ್ಯಕ್ರಮವನ್ನೇ ಮಾಡೋಣ. ಹೊಸ ಸ್ಪೀಕರ್ ಬಂದಿದೆ. ಶನಿವಾರ ಬೆಳಿಗ್ಗೆ, ನಿಮ್ಮ ರಸ್ತೆಯಲ್ಲೇ. ಚಾಲನೆ ನಿಮ್ಮ ಕೈಯಿಂದ.”

“ಕಾರ್ಯಕ್ರಮ ಬೇಡ ಸಾರ್, ಹಾಡು ಸಾಕು.”

“ಈ ವಿನಯ ನೋಡ್ರಪ್ಪ!” ಎಂದು ರಾಮಯ್ಯ ಕಚೇರಿಗೆಲ್ಲ ಕೇಳುವಂತೆ ಹೇಳಿದರು.

ಶನಿವಾರ ಬಿಂದುಶ್ರೀ ಮೇಡಂ ಪ್ಲೇ ಸ್ಕೂಲಿನ ಮುಂದೆ ಶಾಮಿಯಾನ ಹಾಕಿಸಿಕೊಟ್ಟರು. ಶಾಲೆಗೆ ಸೇರಲಿದ್ದ ಪುಟಾಣಿಗಳೆಲ್ಲ ಅಪ್ಪ ಅಮ್ಮಂದಿರ ಜೊತೆ ಬಂದು ಮುಂದಿನ ಸಾಲಿನಲ್ಲಿ ಕೂತವು. ರಸ್ತೆಯ ಹಿರಿಯರೆಂಬ ಕಾರಣಕ್ಕೆ ಮೋಹನ್ ಕುಮಾರರನ್ನೂ ವೇದಿಕೆಗೆ ಕರೆದಿದ್ದರು. ಅವರು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ತೊಡೆಯ ಮೇಲೆ ಮೊಮ್ಮಗಳು ಸ್ಪಂದನಳನ್ನು ಕೂರಿಸಿಕೊಂಡು ಬಿಗಿಯಾಗಿ ಕೂತಿದ್ದರು. ಮೇಜಿನ ಪಕ್ಕದಲ್ಲಿ ಶಾಲೆಗೆ ಕೊಡಲೆಂದು ಪಾಲಿಕೆ ತಂದಿದ್ದ ಎರಡು ಹೊಚ್ಚ ಹೊಸ ಬುಟ್ಟಿಗಳು: ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ. ಮಹದೇವನ ಗಾಡಿಗೆ ಸೇವಂತಿಗೆ ಹಾರ. ಕೆಂಗೇರಿಯಿಂದ ಶೈಲಮ್ಮ ಅಕ್ಕಿಯ ಚೀಲದೊಂದಿಗೆ ಆಟೋದಲ್ಲಿ ಬಂದು ಇಳಿದವರು, ಕಸದ ಗಾಡಿಯ ಪಕ್ಕದಲ್ಲಿ ಅಳಿಯ ಮೈಸೂರು ಪೇಟ ಹಾಕಿಕೊಂಡು ನಿಂತಿರುವುದನ್ನು ಕಂಡು ದಂಗಾದರು.

“ಸೇರಿ ವಾರವಾಗಿಲ್ಲ, ಆಗ್ಲೇ ಸನ್ಮಾನ ಮಾಡ್ತಿದಾರಲ್ಲೇ,” ಎಂದು ಮಗಳ ಕಿವಿಯಲ್ಲಿ ಹೇಳಿದರು.

ರಾಮಯ್ಯ ಸ್ವಾಗತಿಸಿದರು. ಹಾಡಿನ ಹುಟ್ಟು, ಬೆಳವಣಿಗೆ, ಎದುರಿಸಿದ ಸವಾಲುಗಳ ಬಗ್ಗೆ ವಿವರವಾಗಿ ಮಾತಾಡಿದರು. ಗೋಪೀನಾಥ ಧ್ರುವನನ್ನು ಎತ್ತಿಕೊಂಡು ಹಾರ ಹಾಕಿದ ಗಾಡಿಯನ್ನು ನೋಡುತ್ತ ನಿಂತಿದ್ದ. ಅಂತೂ ಗೆದ್ದೆ ಎಂದುಕೊಂಡ. ಗಾಡಿ ಇದೆ, ಇನ್ನು ಹಾಡೂ ಬರುತ್ತದೆ. ಬಂದ ತಕ್ಷಣ ಧ್ರುವ…

ಅವನು ತಟ್ಟನೆ ಮಗನ ಚಡ್ಡಿಯತ್ತ ನೋಡಿದ. ಹಾಡು ಬಂದ ತಕ್ಷಣ ಧ್ರುವ ಏನು ಮಾಡುತ್ತಾನೆಂಬುದು ಗೊತ್ತೇ ಇತ್ತು. ಪಾಟಿ ಮನೆಯ ಕಿಟಕಿಯ ಪಕ್ಕದಲ್ಲಿತ್ತು. ‘ಬಿಟ್ಟು ಆರು ತಿಂಗಳಾದ’ ಡೈಪರನ್ನು ಬಿಂದುಶ್ರೀ ಮೇಡಂ ಮುಂದೆ ಹಾಕುವಂತಿರಲಿಲ್ಲವಾದ್ದರಿಂದ ಧ್ರುವನ ಮೈಮೇಲೆ ಬರೀ ಚಡ್ಡಿ ಇತ್ತು.

“ತುಂಗಾ! ಪಾಟಿ!” ಎಂದು ಅವನು ವೇದಿಕೆಯಿಂದಲೇ ಸನ್ನೆ ಮಾಡಿದ. ತುಂಗಾ ಪೇಟ ಸರಿಮಾಡಿಕೊಳ್ಳಿ ಎಂದು ಸನ್ನೆ ಮಾಡಿದಳು.

“ಈಗ ಶ್ರೀ ಗೋಪೀನಾಥ್ ಅವರಿಂದ ಎರಡು ಮಾತು, ನಂತರ ಹಾಡಿಗೆ ಚಾಲನೆ,” ಎಂದರು ರಾಮಯ್ಯ.

ಗೋಪೀನಾಥ ಅವರ ತೋಳು ಹಿಡಿದುಕೊಂಡ. “ಸಾರ್, ಹಾಡು ಬೇಡ!”

“ಏನು?”

“ಈಗ ಬೇಡ ಸಾರ್. ಐದು ನಿಮಿಷ. ಮನೆಗೆ ಹೋಗಿ ಬರ್ತೀನಿ.”

“ಭಾವುಕರಾಗಿದಾರೆ,” ಎಂದು ರಾಮಯ್ಯ ಸಭೆಗೆ ವಿವರಿಸಿ, ಮಹದೇವನಿಗೆ ಕೈ ಸನ್ನೆ ಮಾಡಿದರು.

ಹೊಸ ಸ್ಪೀಕರು ಹಳೆಯದಕ್ಕಿಂತ ಬಹಳ ಜೋರಾಗಿತ್ತು. ‘ಎದ್ದೇಳಿ ಅಕ್ಕ’ ಎಂದಾಗ ದಾಸವಾಳದ ಗಿಡದ ಗುಬ್ಬಚ್ಚಿಗಳು ಎದ್ದವು. ‘ಎದ್ದೇಳಿ ಅಣ್ಣ’ ಎಂದಾಗ ಮೋಹನ್ ಕುಮಾರರ ಎಡಗಿವಿಯ ಹತ್ತಿ ಉದುರಿತು. ಗೋಪೀನಾಥನ ಕಂಕುಳಲ್ಲಿ ಧ್ರುವ ನಿಶ್ಚಲನಾದ. ಸುತ್ತ ಆನೆಯನ್ನು ಹುಡುಕಿದ. ಆನೆ ಇರಲಿಲ್ಲ. ಸೋಫಾ ಕೂಡ ಇರಲಿಲ್ಲ. ಆಗ, ಹುಟ್ಟಿದಾಗಿನಿಂದ ಒಮ್ಮೆಯೂ ಮಾಡದಿದ್ದ ಕೆಲಸವನ್ನು ಅವನು ಮಾಡಿದ. ಅಪ್ಪನ ಮುಂದಿದ್ದ ಮೈಕಿಗೆ ಬಾಯಿ ಹತ್ತಿರ ತಂದು, ಸ್ಪಷ್ಟವಾಗಿ ಹೇಳಿದ:

“ಅಪ್ಪಾ, ಕಕ್ಕ!”

ಬಸವೇಶ್ವರನಗರದ ಆ ಭಾಗದವರೆಲ್ಲರೂ ಅದನ್ನು ಕೇಳಿದರು.

ಗೋಪೀನಾಥ ಮುಂದೆ ಏನು ಯೋಚಿಸಿದನೆಂದು ಹೇಳುವುದು ಕಷ್ಟ, ಯಾಕೆಂದರೆ ಯೋಚಿಸಲಿಲ್ಲ. ಒಂದೇ ನೆಗೆತಕ್ಕೆ ಮೇಜು ದಾಟಿದ. ಪೇಟ ಬಿದ್ದು ಉರುಳಿತು. ಹಸಿರು ಬುಟ್ಟಿಯ ಮುಚ್ಚಳ ಕಿತ್ತೆಸೆದು, ಚಡ್ಡಿ ಜಾರಿಸಿ, ಮಗನ ಎರಡೂ ಕಂಕುಳಿಗೆ ಕೈಕೊಟ್ಟು ಅದರ ಮೇಲೆ ಹಿಡಿದ. ಹಾಡು ನಡೆದಿತ್ತು.  ‘ಬುಟ್ಟಿಯ ಬೇರೆ ಮಾಡಿ’ ಎಂಬಲ್ಲಿಗೆ ಕೆಲಸ ಆಯಿತು.

ಮೊದಲು ಚಪ್ಪಾಳೆ ತಟ್ಟಿದ್ದು ಮುಂದಿನ ಸಾಲಿನ ಪುಟಾಣಿಗಳು. ಆಮೇಲೆ ಪೂರ್ತಿ ಶಾಮಿಯಾನ ತಟ್ಟಿತು. ಧ್ರುವ ಬುಟ್ಟಿಯ ಮೇಲಿಂದಲೇ ಕೈ ಬೀಸಿದ. ಎರಡನೇ ಚರಣದಲ್ಲಿ ಗೊಬ್ಬರದ ವಿಷಯ ಬಂತು. ಈ ಬಗೆಯ ವಸ್ತು ನಿಯಮಗಳ ಪ್ರಕಾರ ಹಸಿ ಕಸದ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂದು ರಾಮಯ್ಯ ಆಮೇಲೆ ಮೈಕಿನಲ್ಲಿ ಸ್ಪಷ್ಟಪಡಿಸಿದರು. ಆದರೂ ತಮ್ಮ ಹಾಡಿನಿಂದ ಇಷ್ಟು ತ್ವರಿತ ಫಲಿತಾಂಶವನ್ನು ತಾವೇ ನಿರೀಕ್ಷಿಸಿರಲಿಲ್ಲವೆಂದು ಒಪ್ಪಿಕೊಂಡರು.

ಬಿಂದುಶ್ರೀ ಮೇಡಂ ಬುಟ್ಟಿಯ ಹತ್ತಿರ ಬಂದರು. ಬುಟ್ಟಿ ಅವರ ಶಾಲೆಯದು.

“ಆರು ತಿಂಗಳಾಯ್ತು ಅಂದಿದ್ರಿ ಗೋಪೀನಾಥ್?”

ಗೋಪೀನಾಥ ಬಾಯಿ ತೆರೆದ. ಜನಜಾಗೃತಿ ಎಂಬ ಮಾತೂ ಹೊರಡಲಿಲ್ಲ. “ಸುಳ್ಳು ಮೇಡಂ,” ಎಂದ. “ಗಾಡಿ ಹಾಡಿದ್ರೆ ಮಾತ್ರ ಕೂರ್ತಿದ್ದ. ಅದಕ್ಕೇ ಹಾಡಿಗೆ ಒದ್ದಾಡ್ದೆ. ಸೀಟು ಹೋದ್ರೆ ಇವಳ ಕೆಲಸ ಹೋಗುತ್ತೆ ಅಂತ…”

ತುಂಗಾ ಪೇಟ ಎತ್ತಿಕೊಂಡು ಪಕ್ಕಕ್ಕೆ ಬಂದು ನಿಂತಳು. “ಅವನು ಬಾಯ್ಬಿಟ್ಟು ಹೇಳಿದ್ದು ಇದೇ ಮೊದಲು ಮೇಡಂ,” ಎಂದಳು.

“ಹೇಳಿದ್ನಲ್ಲ, ಅದೂ ಮೈಕಲ್ಲಿ. ನಮಗೆ ಅಷ್ಟೇ ಬೇಕಿರೋದು,” ಎಂದರು ಬಿಂದುಶ್ರೀ ಮೇಡಂ. “ಸೋಮವಾರ ಕಳಿಸಿ. ಮಗು ತಯಾರಾಗಿದಾನೆ. ಅಪ್ಪನ ಟ್ರೈನಿಂಗ್ ಸ್ವಲ್ಪ ಬಾಕಿ ಇದೆ. ಮೊದಲು ಬುಟ್ಟಿ ತೊಳೆದುಕೊಡಿ.”

“ಹಾಗಾದ್ರೆ ಬ್ಯಾಂಕ್ ಕೆಲಸ ಇದೆಯಾ ಅಳಿಯಂದ್ರೇ?” ಎಂದು ಕೇಳಿದರು ಶೈಲಮ್ಮ. ಇದೆ ಎಂದು ಗೊತ್ತಾದ ಮೇಲೂ ಅಕ್ಕಿ ವಾಪಸು ಒಯ್ಯಲಿಲ್ಲ.

ಧ್ರುವ ಶಾಲೆಗೆ ಸೇರಿದ. ಒಮ್ಮೆ ಹೇಳಿ ಚಪ್ಪಾಳೆ ಗಿಟ್ಟಿಸಿದವನು ಆಮೇಲೆ ಹೇಳುತ್ತಲೇ ಹೋದ. ಹಾಡು, ಗಾಡಿ, ಆನೆ ಯಾವುದೂ ಬೇಕಾಗಲಿಲ್ಲ. ಈರುಳ್ಳಿಗೆ ಪಾಟಿಯೇ ಖಾಯಂ ಆಯಿತು. ತುಂಗಾ ಇಸ್ತ್ರಿ ಸೀರೆಯುಟ್ಟು ವಿಜಯನಗರದ ಬಸ್ಸು ಹತ್ತಿದಳು. ಗೋಪೀನಾಥ ತಕ್ಕಡಿಯ ಮುಂದೆ ವಾಪಸು ಕೂತ.

ಕೆಲವು ದಿನಗಳ ನಂತರ ಒಂದು ಬೆಳಿಗ್ಗೆ ಅವನು ಬ್ಯಾಂಕಿಗೆ ಹೊರಡಲೆಂದು ಸ್ಕೂಟರ್ ಹೊರಗೆ ತೆಗೆಯುತ್ತಿದ್ದಾಗ ಪಕ್ಕದ ಗೇಟಿನ ಬಳಿ ಮೋಹನ್ ಕುಮಾರ್ ನಿಂತಿರುವುದು ಕಾಣಿಸಿತು. ಪ್ರಾಣಾಯಾಮದ ಬಿಳಿ ಬಟ್ಟೆ, ಕಿವಿಯಲ್ಲಿ ಹತ್ತಿಯಿಲ್ಲ, ಕೈಯಲ್ಲಿ ಬಾತುಕೋಳಿ ಆಕಾರದ ಒಂದು ಹಳದಿ ಪಾಟಿ. ರಸ್ತೆಯ ತುದಿಯನ್ನೇ ನೋಡುತ್ತಿದ್ದರು. ಒಳಗಿನಿಂದ ಸ್ಪಂದನಳ ಕೂಗು ಕೇಳುತ್ತಿತ್ತು: “ತಾತಾ, ಹಾಡು! ಚಪ್ಪಾಳೆ!”

“ರೀ ಗೋಪೀನಾಥ್,” ಮೋಹನ್ ಕುಮಾರ್ ಗೋಡೆಯ ಹತ್ತಿರ ಬಂದರು. “ಆ ರಾಮಯ್ಯ ನಿಮಗೆ ಚೆನ್ನಾಗಿ ಪರಿಚಯ ಅಲ್ವಾ? ಗಾಡಿ ಒಂದೊಂದು ದಿನ ತಡವಾಗಿ ಬರುತ್ತೆ ಕಣ್ರೀ. ಬಂದ್ರೂ ನಮ್ಮ ಬಾತ್‌ರೂಮ್ ಹಿಂದುಗಡೆ ಇದೆ, ಅಲ್ಲಿವರೆಗೂ ಕೇಳಲ್ಲ. ಇನ್ನೂ ಸ್ವಲ್ಪ ಜೋರಾಗಿ ಹಾಕಿಸಕ್ಕಾಗುತ್ತಾ?”

“ಯಾತಕ್ಕೆ ಸಾರ್?” ಎಂದ ಗೋಪೀನಾಥ.

ಮೋಹನ್ ಕುಮಾರ್ ಹೇಳಲೆಂದು ಬಾಯಿ ತೆರೆದರು. ಅಷ್ಟರಲ್ಲಿ ಎರಡು ಬುಟ್ಟಿ ಹಿಡಿದು ಬಿಂದುಶ್ರೀ ಮೇಡಂ ರಸ್ತೆಗೆ ಬಂದರು. ಬಾತುಕೋಳಿ ಬೆನ್ನ ಹಿಂದೆ ಹೋಯಿತು.

“ಜನಜಾಗೃತಿಗೆ ಕಣ್ರೀ!” ಎಂದರು ಮೋಹನ್ ಕುಮಾರ್, ಮೇಡಂಗೂ ಕೇಳುವಂತೆ.